ಸೆಕೆಂಡ್ ಹ್ಯಾಂಡ್ ದೋಣಿಯ ಔಟ್‌ಬೋರ್ಡ್ ಜಾಮ್: ಹಗ್ಗ ಒಂದಿಂಚೂ ಬರ್ತಿಲ್ಲ

ಬೀಳಗಿ_ಬಲೆಗಾರ
ಜುಲೈ 6, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ. ಅರ್ಧ ಹೇಳಿ ಪೂರ್ತಿ ಉತ್ತರ ಕೇಳಿದರೆ ನೀವಾದರೂ ಏನು ಹೇಳ್ತೀರಿ, ಅಲ್ವಾ?

ನಮ್ಮದು ಬೀಳಗಿ ತಾಲೂಕು, ಆಲಮಟ್ಟಿ ಹಿನ್ನೀರಿನ ದಂಡೆ. ಅಜ್ಜ ಜೋಳ ಬಿತ್ತುತ್ತಿದ್ದ ಹೊಲದ ಮೇಲೆ ಈಗ ನಾನು ಬಲೆ ಬಿಡುತ್ತೇನೆ. ಇಷ್ಟು ದಿನ ಹರಿಗೋಲು. ಹರಿಗೋಲಿನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಆಷಾಢದ ಗಾಳಿ ಎದ್ದರೆ ಅದು ಬುಗುರಿ ಆಗುತ್ತದೆ. ಬಲೆ ಇರುವಲ್ಲಿಗೆ ಹುಟ್ಟು ಹಾಕಿ ಮುಟ್ಟುವಷ್ಟರಲ್ಲಿ ರಟ್ಟೆ ಬಿದ್ದು ಹೋಗುತ್ತವೆ. ಅದಕ್ಕೇ ಫೆಬ್ರವರಿಯಲ್ಲಿ ಕೊಂಕಣ ಕರಾವಳಿಯ ಮಾಲವಣ ಕಡೆಯಿಂದ ಹದಿನಾರು ಅಡಿಯ ಹಳೇ ಫೈಬರ್ ದೋಣಿ ತಂದೆ. ಅದರ ಹಿಂದೆ ಬಿಗಿಯುವ ಮೋಟರ್, ಅಂದರೆ ಔಟ್‌ಬೋರ್ಡ್, ಯಮಹಾ 8 ಎಚ್‌ಪಿ, ಟೂ ಸ್ಟ್ರೋಕ್, ಎರಡು ಸಿಲಿಂಡರ್. ಎರಡೂ ಸೇರಿ 68,000 ರೂಪಾಯಿ. ಅಂಬೋಲಿ ಘಾಟ್ ಹತ್ತಿಸಿ ಬೆಳಗಾವಿ, ಯರಗಟ್ಟಿ, ಲೋಕಾಪುರ, ಗದ್ದನಕೇರಿ ಕ್ರಾಸ್ ದಾಟಿ ಊರು ಮುಟ್ಟಿಸಲು ಟೆಂಪೋ ಬಾಡಿಗೆ 11,000. ಚಹಾಕ್ಕೆ ನಿಂತಲ್ಲೆಲ್ಲ ಜನ ಬಂದು ದೋಣಿ ತಟ್ಟಿ ನೋಡಿದ್ದೇ ನೋಡಿದ್ದು. ಯರಗಟ್ಟಿಯಲ್ಲಿ ಒಬ್ಬ ಅಜ್ಜ "ಹೊಳಿ ಬರೂದು ಈ ಸಲ ಇಷ್ಟ ಜಲ್ದಿ ಐತೇನ್ರಿ?" ಎಂದು ಕೇಳಿದ.

ಮಾರಿದವನು ಮೋಟರನ್ನು ದಂಡೆಯ ಮೇಲೆ ಮರದ ಸ್ಟ್ಯಾಂಡಿಗೆ ಬಿಗಿದು, ಹಗ್ಗ ಎಳೆದು ಚಾಲೂ ಮಾಡಿ ತೋರಿಸಿದ್ದ. ಎಣಿಸಿ ಅರ್ಧ ನಿಮಿಷ. "ನೀರಿಲ್ಲದೆ ಜಾಸ್ತಿ ಓಡಿಸಬಾರದು" ಎಂದು ಬಂದ್ ಮಾಡಿದ. ಎಷ್ಟು ಕಾಳಜಿ ಇರುವ ಮನುಷ್ಯ ಅಂದುಕೊಂಡೆ.

ನಾವು ತರುವ ಹೊತ್ತಿಗೆ ಇಲ್ಲಿ ನೀರು ಇಳಿದಿತ್ತು. ದಂಡೆಯಿಂದ ನೀರಿನವರೆಗೆ ಬರೀ ಎರೆಮಣ್ಣಿನ ಕೆಸರು. ಮಳೆಗಾಲಕ್ಕೆ ಇಳಿಸಿದರಾಯಿತು ಎಂದು ಮೋಟರನ್ನು ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿಸಿ, ತಾಡಪತ್ರಿ ಮುಚ್ಚಿ ಇಟ್ಟೆ. ಈಗ ಮಹಾರಾಷ್ಟ್ರದ ಮಳೆಯ ನೀರು ಬರುತ್ತಿದೆ. ಹಿನ್ನೀರು ದಿನಾ ಮೇಲೇರುತ್ತಿದೆ. ನಿನ್ನೆ ಮೋಟರ್ ಹೊರಗೆ ತೆಗೆದು, ಊದುಬತ್ತಿ ಹಚ್ಚಿ, ಕಾಯಿ ಒಡೆದು ಹಗ್ಗ ಎಳೆದೆ. ಬರಲಿಲ್ಲ. ತಮ್ಮ ಎಳೆದ. ಅವನು ಬಂದ, ಹಗ್ಗ ಬರಲಿಲ್ಲ.

ಇಲ್ಲಿಯವರೆಗೆ ಮಾಡಿದ್ದು ಇಷ್ಟು. ಮೇಲಿನ ಹಗ್ಗದ ಡಬ್ಬಿ ಬಿಚ್ಚಿದೆ. ಅದರಲ್ಲಿ ಹಗ್ಗ ಸಲೀಸಾಗಿ ಓಡುತ್ತದೆ, ಹಾಗಾಗಿ ತಪ್ಪು ಅಲ್ಲಿಲ್ಲ. ಎಂಜಿನ್ ತಲೆಯ ಮೇಲಿನ ಚಕ್ರ, ಅದೇ ಫ್ಲೈವೀಲ್, ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ, ಕಲ್ಲು. ಎರಡೂ ಪ್ಲಗ್ ಬಿಚ್ಚಿದೆ. ನೀರು ಬರಲಿಲ್ಲ. ಒಂದು ಒಣಗಿತ್ತು, ಇನ್ನೊಂದು ಕಪ್ಪಗೆ ಜಿಡ್ಡಾಗಿತ್ತು. ಒಂದೊಂದು ಚಮಚ 2ಟಿ (ಟೂ ಸ್ಟ್ರೋಕ್) ಆಯಿಲ್ ಬಿಟ್ಟು ರಾತ್ರಿಯಿಡೀ ಬಿಟ್ಟೆ. ಏನೂ ಆಗಲಿಲ್ಲ. ಗೇರ್ ನ್ಯೂಟ್ರಲ್‌ನಲ್ಲೇ ಇದೆ, ಪಂಖ ಬೆರಳಿನಲ್ಲಿ ದೂಡಿದರೂ ತಿರುಗುತ್ತದೆ. ಅಂದರೆ ಕೆಳಗಡೆ ಎಲ್ಲ ಸರಿ ಇದೆ, ಎಂಜಿನ್ನೇ ಹಿಡ್ಕೊಂಡಿದೆ ಅಂತ ನನ್ನ ಲೆಕ್ಕ.

ಪಕ್ಕದ ಹೊಲದ ಕಾಕಾ ಫ್ಲೈವೀಲ್ ನಟ್ಟಿಗೆ ಪಾನಾ ಹಾಕಿ, ಪಾನಾಕ್ಕೆ ನಾಲ್ಕು ಅಡಿ ಪೈಪು ಹಾಕಿ ಜಗ್ಗೋಣ ಅಂತಿದ್ದಾರೆ. ಟ್ರ್ಯಾಕ್ಟರಿನ ನಟ್ಟು ಹಾಗೇ ಬಿಡಿಸಿದ್ದಾರಂತೆ. ಅಪ್ಪ ಮಾತ್ರ ಕಟ್ಟೆಯ ಮೇಲೆ ಕೂತು "ಹರಿಗೋಲಿಗೆ ಪೆಟ್ರೋಲ್ ಬೇಕಾಗೂದಿಲ್ಲೋ ತಮ್ಮಾ" ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಾರೆ.

ಪೈಪು ಹಾಕಲಾ ಬೇಡವಾ? ಇದು ಬಿಡುತ್ತಾ, ಇಲ್ಲ 68,000 ಗುಜರಿಗೆ ಹೋಯ್ತಾ?


ನವನಗರ_ಸೆಕ್ಟರ್
ಜುಲೈ 6, ರಾತ್ರಿ 10:05

ಮೊದಲು ಗೇರ್ ನ್ಯೂಟ್ರಲ್‌ಗೆ ತನ್ನಿ ಸರ್. ಸಣ್ಣ ಔಟ್‌ಬೋರ್ಡ್‌ಗಳಲ್ಲಿ ಗೇರ್ ಹಾಕಿದ್ದರೆ ಹಗ್ಗ ಬರದಂತೆ ಲಾಕ್ ಇರುತ್ತದೆ. ನನ್ನ ಗೆಳೆಯ ಇದೇ ತಪ್ಪಿಗೆ ಗ್ಯಾರೇಜಿಗೆ 500 ಕೊಟ್ಟು ಬಂದ.


ಬೀಳಗಿ_ಬಲೆಗಾರ
ಜುಲೈ 6, ರಾತ್ರಿ 10:12

ನ್ಯೂಟ್ರಲ್‌ನಲ್ಲೇ ಇದೆ ಅಂತ ಮೇಲೆ ಬರೆದಿದ್ದೇನೆ ಸರ್. ಆ ಲಾಕ್ ಇರೋದು ಹಗ್ಗದ ಡಬ್ಬಿಗೆ. ಡಬ್ಬಿನೇ ಬಿಚ್ಚಿಟ್ಟಿದ್ದೇನೆ, ಆದರೂ ಫ್ಲೈವೀಲ್ ತಿರುಗ್ತಿಲ್ಲ. ಆದರೂ ಥ್ಯಾಂಕ್ಸ್, ನಿಮ್ಮ ಗೆಳೆಯನ ಕಥೆ ಕೇಳಿ ಸ್ವಲ್ಪ ಸಮಾಧಾನ ಆಯ್ತು.


ಜಮಖಂಡಿ_ಪಂಪ್‌ಸೆಟ್
ಜುಲೈ 7, ಬೆಳಿಗ್ಗೆ 6:30

ತಮ್ಮಾ, ನಾನು ದೋಣಿ ಮಿಸ್ತ್ರಿ ಅಲ್ಲ. ಜಮಖಂಡಿಯಲ್ಲಿ ಪಂಪ್‌ಸೆಟ್ ಗ್ಯಾರೇಜ್, ಮೂವತ್ತು ವರ್ಷ ಆಯ್ತು. 2019ರ ಆಗಸ್ಟಿನಲ್ಲಿ ಹೊಳೆ ಬಂದು ಇಳಿದ ಮೇಲೆ ನನ್ನ ಗ್ಯಾರೇಜಿನ ಮುಂದೆ ಡೀಸೆಲ್ ಎಂಜಿನ್‌ಗಳು, ಬೈಕುಗಳು ರೇಷನ್ ಅಂಗಡಿಯ ಪಾಳಿ ಹಚ್ಚಿದಂತೆ ನಿಂತಿದ್ದವು. ಜಾಮ್ ಬಿಡಿಸುವ ವಿದ್ಯೆ ನಾನು ಕಲಿತದ್ದು ಆ ಎರಡು ತಿಂಗಳಲ್ಲಿ.

ಜಾಮ್‌ನಲ್ಲಿ ಎರಡು ಜಾತಿ. ಒಂದು, ನಿಂತು ನಿಂತು ತುಕ್ಕು ಹಿಡಿದದ್ದು. ರಿಂಗು ಸಿಲಿಂಡರ್ ಗೋಡೆಗೆ ಅಂಟಿರುತ್ತದೆ. ಇದು ಎಣ್ಣೆಗೆ, ತಾಳ್ಮೆಗೆ ಬಿಡುತ್ತದೆ. ಎರಡನೆಯದು, ಓಡುವಾಗಲೇ ಕಾದು ಹಿಡಿದದ್ದು. ಆಯಿಲ್ ಕಲಸದೆ ಬರೀ ಪೆಟ್ರೋಲ್ ಹಾಕಿದರೆ, ಇಲ್ಲ ನೀರಿನ ಪಂಪು ಕೆಟ್ಟರೆ ಹೀಗಾಗುತ್ತದೆ. ಪಿಸ್ಟನ್ ಅಲ್ಯೂಮಿನಿಯಂ ಕರಗಿ ಗೋಡೆಗೆ ಬಳಿದಿರುತ್ತದೆ. ಇದನ್ನು ಬಲವಂತವಾಗಿ ಬಿಡಿಸಿದರೂ ಉಪಯೋಗ ಕಡಿಮೆ, ಬಿಚ್ಚಲೇಬೇಕು. ನಿನ್ನದು ಫೆಬ್ರವರಿಯಲ್ಲಿ ಓಡಿದೆ, ಜುಲೈನಲ್ಲಿ ಹಿಡಿದಿದೆ. ನಡುವೆ ಓಡಿಲ್ಲ. ಹಾಗಾಗಿ ಮೊದಲನೇ ಜಾತಿ ಇರಬೇಕು. ಹೆದರಬೇಡ.

ಒಂದು ಚಮಚ 2ಟಿ ಆಯಿಲ್ ಯಾವ ಮೂಲೆಗೂ ಸಾಲುವುದಿಲ್ಲ. ಅದು ದಪ್ಪ, ಸಂದಿಗೆ ಇಳಿಯುವುದಿಲ್ಲ. ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಎಟಿಎಫ್ ಆಯಿಲ್ ಅರ್ಧ, ಅಸಿಟೋನ್ ಅರ್ಧ ಸೇರಿಸು. ಅಸಿಟೋನ್ ನೀರಿಗಿಂತ ತೆಳು, ಅದು ಆಯಿಲನ್ನು ಸಂದಿಯೊಳಗೆ ಎಳೆದುಕೊಂಡು ಹೋಗಿ ತಾನು ಆರಿಹೋಗುತ್ತದೆ. ಹಾಕುವ ಮುಂಚೆ ಬಾಟಲಿ ಅಲುಗಾಡಿಸು, ಎರಡೂ ಬೇರೆ ಬೇರೆ ಆಗಿ ನಿಲ್ಲುತ್ತವೆ. ಸಿಲಿಂಡರ್ ತುಂಬ ಹಾಕಿ ಮೂರು ನಾಲ್ಕು ದಿನ ಬಿಡು. ಅಸಿಟೋನ್ ಸಿಗದಿದ್ದರೆ ಡೀಸೆಲ್ ಆದೀತು, ದಿನ ಜಾಸ್ತಿ ಹಿಡಿಯುತ್ತದೆ. ಹತ್ತಿರ ಬೀಡಿ ಸೇದಬೇಡ. ನಿನ್ನ ಕಾಕಾನಿಗೂ ಹೇಳು.

ಪೈಪು ಅಂತೂ ಬೇಡವೇ ಬೇಡ. ಟ್ರ್ಯಾಕ್ಟರಿನ ಕಬ್ಬಿಣ ಬೇರೆ, ಇದರ ಕಬ್ಬಿಣ ಬೇರೆ.


ಕಾಳಿ_ಅಳಿವೆ
ಜುಲೈ 7, ಬೆಳಿಗ್ಗೆ 8:15

ಕಾರವಾರದಿಂದ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಓಬಿಎಂ (ಔಟ್‌ಬೋರ್ಡ್ ಮೋಟರ್) ಬಿಚ್ಚೋದು, ಕಟ್ಟೋದು ನಡೆದಿದೆ.

ಜಮಖಂಡಿ ಅಣ್ಣ ಹೇಳಿದ ಎಣ್ಣೆ ಬಗ್ಗೆ ತಕರಾರಿಲ್ಲ. ಆದರೆ ಅದನ್ನು ಹಾಕುವ ಮುಂಚೆ ಒಂದು ಕೆಲಸ ಇದೆ ಮಾರಾಯ್ರೇ. ಮೇಲೆ ಹಿಡಿದಿದೆಯೋ ಕೆಳಗೆ ಹಿಡಿದಿದೆಯೋ ಇನ್ನೂ ಗೊತ್ತಾಗಿಲ್ಲ. ನೀವು "ಪಂಖ ತಿರುಗುತ್ತದೆ, ಕೆಳಗೆ ಸರಿ ಇದೆ" ಅಂದಿರಿ. ಅಲ್ಲೇ ಎಲ್ಲರೂ ಬೀಳೋದು.

ಔಟ್‌ಬೋರ್ಡ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ನೆಟ್ಟಗೆ ನಿಂತಿರುತ್ತದೆ. ಅದರ ಕೆಳತುದಿಗೆ ಡ್ರೈವ್ ಶಾಫ್ಟ್ ಸಿಕ್ಕಿಸಿರುತ್ತದೆ. ಶಾಫ್ಟ್ ಉದ್ದಕ್ಕೆ ಮೋಟರಿನ ಕಾಲಿನೊಳಗೆ ಇಳಿದು, ದಾರಿಯಲ್ಲಿ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ತಿರುಗಿಸಿ, ಗೇರ್ ಬಾಕ್ಸ್‌ನಲ್ಲಿ ಪಿನಿಯನ್‌ಗೆ ಮುಗಿಯುತ್ತದೆ. ಪಿನಿಯನ್ ಅಂದರೆ ಸಣ್ಣ ಹಲ್ಲಿನ ಚಕ್ರ, ಅದು ಮುಂದಿನ ಗೇರಿಗೂ ಹಿಂದಿನ ಗೇರಿಗೂ ಯಾವಾಗಲೂ ಹಲ್ಲು ಕೊಟ್ಟೇ ಇರುತ್ತದೆ. ನೀವು ನ್ಯೂಟ್ರಲ್ ಮಾಡಿದಾಗ ಬಿಡುಗಡೆ ಆಗೋದು ಪಂಖದ ಶಾಫ್ಟ್ ಮಾತ್ರ. ಅಂದರೆ ಡ್ರೈವ್ ಶಾಫ್ಟಿನ ಬೇರಿಂಗ್ ತುಕ್ಕು ಹಿಡಿದು ಕಲ್ಲಾಗಿದ್ದರೂ ಪಂಖ ಗಿರಗಿರ ತಿರುಗುತ್ತದೆ, ಎಂಜಿನ್ ಮಾತ್ರ ಅಲ್ಲಾಡುವುದಿಲ್ಲ.

ಹಾಗಾಗಿ ಈ ಕ್ರಮ ಹಿಡಿಯಿರಿ. ಗೇರ್ ಬಾಕ್ಸ್ ಪಕ್ಕದಲ್ಲಿ ಎರಡು ಸ್ಕ್ರೂ ಇರುತ್ತವೆ, ಕೆಳಗೊಂದು ಮೇಲೊಂದು. ಮೋಟರ್ ನೆಟ್ಟಗೆ ನಿಲ್ಲಿಸಿ, ಕೆಳಗೆ ಬಿಳಿ ಡಬ್ಬಿ ಇಟ್ಟು, ಮೊದಲು ಕೆಳಗಿನದು ಆಮೇಲೆ ಮೇಲಿನದು ಬಿಚ್ಚಿ. ಬರುವ ಗೇರ್ ಆಯಿಲ್ ಯಾವ ಬಣ್ಣ ನೋಡಿ. ಆಮೇಲೆ ಗೇರ್ ಬಾಕ್ಸನ್ನೇ ಕಾಲಿನಿಂದ ಕೆಳಗಿಳಿಸಿ. ಗೇರ್ ಕಡ್ಡಿಯ ಜೋಡಣೆ ಮೊದಲು ಬಿಚ್ಚಬೇಕು, ಇಲ್ಲದಿದ್ದರೆ ಅದು ಬಗ್ಗುತ್ತದೆ. ಇಳಿದ ಮೇಲೆ ಫ್ಲೈವೀಲ್ ತಿರುಗಿಸಿ ನೋಡಿ. ತಿರುಗಿತೋ, ಎಂಜಿನ್ ಬದುಕಿದೆ. ತಿರುಗದಿದ್ದರೆ ಅಣ್ಣನ ಎಣ್ಣೆ ಹಾಕಿ.

ಹಾಕುವಾಗ ಒಂದು ಗಮನ ಇರಲಿ. ಪಂಪ್‌ಸೆಟ್ಟಿನ ಸಿಲಿಂಡರ್ ನಿಂತಿರುತ್ತದೆ, ಇದರದು ಮಲಗಿರುತ್ತದೆ. ಪ್ಲಗ್ಗುಗಳು ಹಿಂದಕ್ಕೆ ಮುಖ ಮಾಡಿರುತ್ತವೆ. ಮೋಟರ್ ನಿಲ್ಲಿಸಿಕೊಂಡು ಎಣ್ಣೆ ಹಾಕಿದರೆ ಅದು ಪ್ಲಗ್ ತೂತಿನಿಂದಲೇ ವಾಪಸ್ ಬರುತ್ತದೆ. ಪ್ಲಗ್ ತೂತು ಆಕಾಶ ನೋಡುವಂತೆ ಮಲಗಿಸಿ ಹಾಕಬೇಕು.

ಮತ್ತೆ ಇನ್ನೊಂದು. ಫ್ಲೈವೀಲನ್ನು ಮೇಲಿನಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ಮಾತ್ರ ತಿರುಗಿಸಿ. ಉಲ್ಟಾ ತಿರುಗಿಸಿದರೆ ಪಂಪಿನ ರಬ್ಬರ್ ರೆಕ್ಕೆಗಳು ಮಡಚಿ ಹೋಗುತ್ತವೆ. ಗೇರ್ ಬಾಕ್ಸ್ ಇಳಿಸಿದ ಮೇಲೆ ಆ ಚಿಂತೆ ಇಲ್ಲ.

ಮಾರಿದವ ದಂಡೆಯ ಮೇಲೆ ನೀರಿಲ್ಲದೆ ಅರ್ಧ ನಿಮಿಷ ಓಡಿಸಿದ ಅಂದಿರಲ್ಲ. ಕಾಳಜಿ ಇರುವವ ಒಂದು ಡ್ರಮ್ ನೀರಿಗೆ ಇಳಿಸಿ ತೋರಿಸುತ್ತಿದ್ದ. ಸಮುದ್ರ ಪಕ್ಕದಲ್ಲೇ ಇತ್ತು.


ಬೀಳಗಿ_ಬಲೆಗಾರ
ಜುಲೈ 7, ಬೆಳಿಗ್ಗೆ 8:50

ಆ ಕೊನೆಯ ಸಾಲು ಓದಿ ಹತ್ತು ನಿಮಿಷ ಸುಮ್ನೆ ಕೂತೆ. ಸಮುದ್ರ ನಲವತ್ತು ಹೆಜ್ಜೆ ದೂರ ಇತ್ತು.

ಪೈಪನ್ನು ಕಾಕಾನ ಮನೆಗೆ ವಾಪಸ್ ಕಳಿಸಿದ್ದೇನೆ. ಸ್ಕ್ರೂ ಬಿಚ್ಚಿ ಹೇಳುತ್ತೇನೆ.


ಬೀಳಗಿ_ಬಲೆಗಾರ
ಜುಲೈ 9, ರಾತ್ರಿ 11:20

ಎರಡು ದಿನದ ವರದಿ.

ಕೆಳಗಿನ ಸ್ಕ್ರೂ ಬಿಚ್ಚಿದ ಕೂಡಲೇ ಮೊದಲು ಬಂದದ್ದು ಆಯಿಲ್ ಅಲ್ಲ, ತುಕ್ಕಿನ ನೀರು. ಅರ್ಧ ಚಹಾ ಕಪ್ ಆಗುವಷ್ಟು. ಅದರ ಹಿಂದೆ ದಪ್ಪಗೆ, ಬೂದು ಬಣ್ಣದ್ದು ಬಂತು. ಕೊಲ್ಹಾರದ ಮೊಸರು ಕೆಟ್ಟು ನಾಲ್ಕು ದಿನ ಆದರೆ ಹೇಗಿರುತ್ತದೋ ಹಾಗೆ. (ಕೊಲ್ಹಾರದವರು ಕ್ಷಮಿಸಿ.)

ಗೇರ್ ಬಾಕ್ಸಿಗೆ ನಾಲ್ಕು ಬೋಲ್ಟ್. ಮೂರು ಬಂದವು. ನಾಲ್ಕನೆಯದರ ಸುತ್ತ ಬಿಳಿ ಸುಣ್ಣದಂಥ ಪುಡಿ, ಸ್ಟೀಲ್ ಬೋಲ್ಟು, ಅಲ್ಯೂಮಿನಿಯಂ ಮೈ, ನಡುವೆ ಉಪ್ಪು. ತುಕ್ಕಿನ ಸ್ಪ್ರೇ ಹೊಡೆದು, ತಂಗಿಯ ಕೂದಲು ಒಣಗಿಸುವ ಮಷಿನ್ ಹಿಡಿದು ಕಾಯಿಸಿ, ಕಾಲು ಸುತ್ತು ಬಿಚ್ಚುವುದು, ಮತ್ತೆ ಬಿಗಿಯುವುದು, ಮತ್ತೆ ಬಿಚ್ಚುವುದು. ಆ ಒಂದು ಬೋಲ್ಟಿಗೆ ಒಂದೂವರೆ ತಾಸು. ತಂಗಿಗೆ ಹೊಸ ಮಷಿನ್ ಕೊಡಿಸಬೇಕಂತೆ, ಹಳೆಯದು ಗ್ರೀಸ್ ವಾಸನೆ ಬರ್ತಿದೆಯಂತೆ.

ಎಲ್ಲ ಬಿಚ್ಚಿದ ಮೇಲೂ ಗೇರ್ ಬಾಕ್ಸ್ ಒಂದು ಇಂಚು ಇಳಿದು ನಿಂತುಬಿಟ್ಟಿತು. ಸುತ್ತಿಗೆ ಕೈಗೆ ತಗೊಂಡಿದ್ದೆ. ಕಾಳಿ ಅಳಿವೆಯವರಿಗೆ ಮೆಸೇಜ್ ಮಾಡಿದೆ. "ಶಾಫ್ಟಿನ ಹಲ್ಲು ಕ್ರ್ಯಾಂಕಿನ ಒಳಗೆ ತುಕ್ಕಿಗೆ ಅಂಟಿರುತ್ತದೆ, ಹೊಡೀಬೇಡಿ. ಎರಡೂ ಬದಿಗೆ ಮರದ ಬೆಣೆ ಕೊಡಿ, ಸಂದಿಯಿಂದ ಎಣ್ಣೆ ಬಿಡಿ, ರಾತ್ರಿ ಮಲಗಿ" ಎಂದರು. ಜಾಲಿ ಕಟ್ಟಿಗೆಯ ಬೆಣೆ ಕೆತ್ತಿ ಕೊಟ್ಟವರು ಯಾರು ಗೊತ್ತಾ? ಅಪ್ಪ. ಏನೂ ಮಾತಾಡಲಿಲ್ಲ, ಕೆತ್ತಿ ಇಟ್ಟು ಹೋದರು.

ಇವತ್ತು ಸಂಜೆ ಬೆಣೆ ಮೇಲೆ ಎರಡು ಸಣ್ಣ ಏಟು. ಟಕ್ ಅಂತ ಇಳಿಯಿತು. ತಮ್ಮ ಮೇಲೆ ಫ್ಲೈವೀಲ್ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. "ಅಣ್ಣಾ, ತಿರಗಾಕತ್ತೈತಿ!" ಅಂದ. ಒಂದು ಬೆರಳಲ್ಲಿ ತಿರುಗಿತು. ಎಂಜಿನ್ನಿಗೆ ಏನೂ ಆಗಿರಲಿಲ್ಲ.

ಕೆಳಗೆ ಉಳಿದ ಡ್ರೈವ್ ಶಾಫ್ಟನ್ನು ಪೈಪ್ ಪಾನಾದಲ್ಲಿ ಹಿಡಿದರೂ ಅಲ್ಲಾಡಲಿಲ್ಲ. ಕಾಕಾನ ನಾಲ್ಕು ಅಡಿ ಪೈಪಿನ ಬಲವೆಲ್ಲ ಈ ಬೇರಿಂಗ್ ಮೇಲೆ, ಪಿನಿಯನ್ ಹಲ್ಲಿನ ಮೇಲೆ ಬೀಳುತ್ತಿತ್ತು. ಯೋಚಿಸಿದರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.


ಜಮಖಂಡಿ_ಪಂಪ್‌ಸೆಟ್
ಜುಲೈ 10, ಬೆಳಿಗ್ಗೆ 6:10

ನನ್ನ ಲೆಕ್ಕ ತಪ್ಪಿತು. ಕಾರವಾರದವರು ಹೇಳಿದ್ದೇ ಸರಿ. ಎಂಜಿನ್ ಮಲಗಿರುತ್ತದೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಈಗ ಖುಷಿಯಲ್ಲಿ ಹಗ್ಗ ಎಳೆದು ಚಾಲೂ ಮಾಡಿಬಿಟ್ಟೀಯೆ! ನೀರಿನ ಪಂಪು ಗೇರ್ ಬಾಕ್ಸ್ ಜೊತೆಗೇ ಕೆಳಗೆ ಬಂದಿದೆ. ಒಂದು ನಿಮಿಷದಲ್ಲಿ ನಿಜವಾಗಿ ಜಾಮ್ ಮಾಡಿಕೊಳ್ಳುತ್ತೀಯ. ಗ್ಯಾರೇಜಿಗೆ ಹೋಗಿ ಕಂಪ್ರೆಷನ್ ಗೇಜ್ (ಸಿಲಿಂಡರಿನ ಒತ್ತಡ ಅಳೆಯುವ ಮೀಟರ್) ತಂದು ನೋಡು. ಪ್ಲಗ್ ಎರಡೂ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಹಗ್ಗ ಎಳೆ. ಎರಡು ಸಿಲಿಂಡರಿನ ನಡುವೆ ಜಾಸ್ತಿ ಫರಕು ಇರಬಾರದು, ಹತ್ತು ಪರ್ಸೆಂಟ್ ಒಳಗೆ ಇದ್ದರೆ ಚಿಂತೆ ಇಲ್ಲ.


ಕಾಳಿ_ಅಳಿವೆ
ಜುಲೈ 10, ಬೆಳಿಗ್ಗೆ 9:00

ಅಂತೂ ಸುತ್ತಿಗೆ ಕೆಳಗಿಟ್ಟಿರಿ, ಅದೇ ದೊಡ್ಡದು.

ಈಗ ನೀರು ಎಲ್ಲಿಂದ ಒಳಗೆ ಹೋಯಿತು ನೋಡಬೇಕು. ಬೇರಿಂಗ್ ಬದಲಿಸಿ ದಾರಿ ಮುಚ್ಚದಿದ್ದರೆ ಮುಂದಿನ ವರ್ಷ ಇದೇ ಕಥೆ. ಪಂಖ ಬಿಚ್ಚಿ. ಅದರ ಹಿಂದೆ ಶಾಫ್ಟಿಗೆ ಬಲೆಯ ನೈಲಾನ್ ದಾರ ಸುತ್ತಿಕೊಂಡಿರುತ್ತದೆ ಎಂದು ಬೆಟ್ ಕಟ್ಟುತ್ತೇನೆ. ಮೀನುಗಾರರ ಮೋಟರ್‌ಗಳಲ್ಲಿ ಹತ್ತರಲ್ಲಿ ಎಂಟಕ್ಕೆ ಇದೇ ರೋಗ. ದಾರ ತಿರುಗಿ ತಿರುಗಿ ಕಾದು, ನೀರು ಒಳಗೆ ಬರದಂತೆ ತಡೆಯುವ ಸೀಲನ್ನು ಚಾಕುವಿನಂತೆ ಕೊಯ್ಯುತ್ತದೆ. ಓಡುವಾಗ ಅಲ್ಲಿಂದ ಹನಿ ಹನಿ ನೀರು ಒಳಗೆ. ನೀವು ನಾಲ್ಕು ತಿಂಗಳು ಮಲಗಿಸಿ ಇಟ್ಟಿರಲ್ಲ, ನೀರು ಒಂದೇ ಕಡೆ ನಿಂತು ಬೇರಿಂಗ್ ತಿಂದಿತು. ಇಡುವಾಗ ಮೋಟರ್ ನೆಟ್ಟಗೇ ಇಡಬೇಕು, ಮತ್ತೆ ಇಡುವ ಮುಂಚೆ ಗೇರ್ ಆಯಿಲ್ ಬದಲಿಸಬೇಕು. ಆಯಿಲ್ ಬೆಳ್ಳಗೆ ಬಂದರೆ ಆಗಲೇ ಗೊತ್ತಾಗಿ ಬಿಡುತ್ತದೆ.

ಪಂಪಿನ ಡಬ್ಬಿ ಬಿಚ್ಚಿ ಇಂಪೆಲ್ಲರ್ ನೋಡಿ. ರೆಕ್ಕೆಗಳು ಎಲ್ಲ ಇವೆಯಾ ಎಣಿಸಿ. ತುಂಡಾಗಿದ್ದರೆ ಆ ತುಂಡು ಹುಡುಕಲೇಬೇಕು. ಅದು ನೀರಿನ ದಾರಿಯಲ್ಲಿ ಮೇಲೆ ಹೋಗಿ ಸಿಕ್ಕಿಕೊಂಡಿರುತ್ತದೆ, ಹೊಸ ಇಂಪೆಲ್ಲರ್ ಹಾಕಿದರೂ ಎಂಜಿನ್ ಕಾದು ಬಿಸಿಯಾಗುತ್ತದೆ. ಉಪ್ಪು ಕಟ್ಟಿಕೊಂಡಿದ್ದರೆ ಸಿಹಿ ನೀರು ಹಾಯಿಸಿ ಹಾಯಿಸಿ ತೊಳೆಯಿರಿ. ನಿಮಗೊಂದು ಭಾಗ್ಯ ಇದೆ, ಇನ್ನು ಮೇಲೆ ಈ ಮೋಟರ್ ಉಪ್ಪು ನೀರು ಕಾಣುವುದಿಲ್ಲ. ಆದರೆ ನಿಮ್ಮ ಎರೆಮಣ್ಣಿನ ಕೆಸರು ಉಪ್ಪಿಗಿಂತ ಒಳ್ಳೆಯದೇನಲ್ಲ. ದಂಡೆಯ ಹತ್ತಿರ ಕೆಸರಿನಲ್ಲಿ ಓಡಿಸಬೇಡಿ, ಹುಟ್ಟು ಹಾಕಿ ಆಳಕ್ಕೆ ಬಂದು ಆಮೇಲೆ ಚಾಲೂ ಮಾಡಿ.


ಘಟಪ್ರಭಾ_ದಂಡೆ
ಜುಲೈ 10, ಮಧ್ಯಾಹ್ನ 1:30

ನಡುವೆ ಬಾಯಿ ಹಾಕ್ತೀನಿ. ಪೆಟ್ರೋಲ್ ಬಗ್ಗೆ ಯಾರೂ ಹೇಳಲಿಲ್ಲ. ಈಗ ಬಂಕ್‌ನಲ್ಲಿ ಸಿಗೋದು ಇ20, ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ನೀರು ಸೇರಿ ಕೆಳಗೆ ಬೇರೆಯಾಗಿ ನಿಲ್ಲುತ್ತದೆ, ಕಾರ್ಬುರೇಟರ್ ಹಾಳು. ಫೆಬ್ರವರಿಯ ಪೆಟ್ರೋಲ್ ಇನ್ನೂ ಟ್ಯಾಂಕಿನಲ್ಲಿ ಇದ್ದರೆ ಚೆಲ್ಲಿ. ನಮ್ಮ ಮುಧೋಳ, ಗೋಕಾಕ ಕಡೆಯ ಕಬ್ಬಿನಿಂದಲೂ ಎಥೆನಾಲ್ ಆಗುತ್ತದೆ, ಹಾಗಂತ ಪ್ರೀತಿ ಮಾಡಿ ಇಟ್ಟುಕೊಳ್ಳಬೇಡಿ.

ಬೈಕಿನ 2ಟಿ ಆಯಿಲ್ ಕೂಡ ಬೇಡ. ಔಟ್‌ಬೋರ್ಡ್‌ಗೆ ಟಿಸಿ-ಡಬ್ಲ್ಯೂ3 ಅಂತ ಬರೆದ ಆಯಿಲ್ ಬೇರೆ ಇದೆ. ನೀರಿನಿಂದ ತಣಿಯುವ ಎಂಜಿನ್ನಿಗೆ ಬೂದಿ ಬಿಡದ ಆಯಿಲ್ ಬೇಕು.


ಬೀಳಗಿ_ಬಲೆಗಾರ
ಜುಲೈ 10, ರಾತ್ರಿ 9:15

ಟ್ಯಾಂಕ್ ತೆಗೆದು ನೋಡಿದೆ ಸರ್. ಸೀಸೆಗೆ ಹಾಕಿದರೆ ಕೆಳಗೆ ಬೇರೆ ಪದರ ಕಾಣುತ್ತದೆ. ಚೆಲ್ಲಿದೆ.

ಕಾಳಿ ಅಳಿವೆಯವರೇ, ಬೆಟ್ ಗೆದ್ದಿರಿ. ಪಂಖದ ಹಿಂದೆ ನೈಲಾನ್ ದಾರ ಗಟ್ಟಿಯಾಗಿ, ಕರಗಿ, ಬಳೆಯಂತೆ ಕೂತಿತ್ತು. ಬ್ಲೇಡಿನಿಂದ ಕೊಯ್ದು ತೆಗೆದೆ. ಹಸಿರು ದಾರ. ನಾನು ಬಳಸೋದು ಬಿಳಿ, ಹಾಗಾಗಿ ಇದು ಮಾಲವಣದಿಂದಲೇ ಬಂದ ಉಡುಗೊರೆ.

ಇಂಪೆಲ್ಲರ್‌ನಲ್ಲಿ ಆರು ರೆಕ್ಕೆ ಇರಬೇಕಿತ್ತು, ನಾಲ್ಕಿವೆ. ಅವೂ ಒಂದೇ ಕಡೆ ಬಾಗಿ ಗಟ್ಟಿಯಾಗಿವೆ. ಒಂದು ತುಂಡು ಪಂಪಿನ ಬಾಯಲ್ಲೇ ಸಿಕ್ಕಿತು. ಇನ್ನೊಂದನ್ನು ನೀರಿನ ಕೊಳವೆಗೆ ಸೈಕಲ್ ಪಂಪ್ ಹಿಡಿದು ಊದಿ ಉಲ್ಟಾ ಕಡೆಯಿಂದ ಹೊರಗೆ ಹಾಕಿದೆ. ಅದರ ಜೊತೆ ಉಪ್ಪಿನ ಹರಳು ಒಂದು ಮುಷ್ಟಿ ಉದುರಿತು. ಅವ್ವ ನೋಡಿ "ಅಡಗಿಗಿ ಹಾಕೂದು ಬ್ಯಾಡ ಬಿಡು" ಅಂದಳು.

ಕಂಪ್ರೆಷನ್ ಒಂದು ಸಿಲಿಂಡರಿನಲ್ಲಿ 105, ಇನ್ನೊಂದರಲ್ಲಿ 100, ಹತ್ತು ಪರ್ಸೆಂಟ್ ಒಳಗೇ ಇದೆ. ಗೇರ್ ಬಾಕ್ಸ್ ಬಿಚ್ಚುವುದು ನನ್ನ ಕೈಯಲ್ಲಿ ಆಗಲ್ಲ, ನಾಳೆ ಜಮಖಂಡಿಗೆ ತರುತ್ತೇನೆ. ಅಣ್ಣಾ, ಗ್ಯಾರೇಜಲ್ಲಿ ಇರ್ತೀರಾ?


ಜಮಖಂಡಿ_ಪಂಪ್‌ಸೆಟ್
ಜುಲೈ 10, ರಾತ್ರಿ 9:40

ಇರ್ತೀನಿ, ಬಾ. ಇಲ್ಲೇ ಬಿಚ್ಚಿ, ಬೇರಿಂಗ್ ಮೇಲಿನ ನಂಬರ್ ಉಜ್ಜಿ ಓದಿ ತರಿಸುತ್ತೇನೆ. ಬೇರಿಂಗ್ ಇಲ್ಲೇ ಸಿಗಬಹುದು. ಸೀಲು, ಇಂಪೆಲ್ಲರ್ ಗೋವಾದಿಂದ ಬರಬೇಕು.


ಬೀಳಗಿ_ಬಲೆಗಾರ
ಜುಲೈ 21, ರಾತ್ರಿ 8:30

ತಡವಾಯಿತು, ಪಾರ್ಸೆಲ್ ಬೆಳಗಾವಿಯಲ್ಲಿ ನಾಲ್ಕು ದಿನ ಮಲಗಿತ್ತು.

ಬೇರಿಂಗ್ ಎರಡು, ಸೀಲು ಮೂರು, ಇಂಪೆಲ್ಲರ್ ಸೆಟ್, ಸ್ಕ್ರೂ ವಾಷರ್, ಗೇರ್ ಆಯಿಲ್, ಟಿಸಿ-ಡಬ್ಲ್ಯೂ3 ಒಂದು ಲೀಟರ್, ಅಣ್ಣನ ಕೂಲಿ ಸೇರಿ 7,400. ಕೂಲಿ ಜಾಸ್ತಿ ತಗೊಳ್ಳಿ ಅಂದರೆ ಅಣ್ಣ ತಗೊಳ್ಳಲಿಲ್ಲ. "ನಾನೂ ಇದರಲ್ಲಿ ಕಲಿತೆ" ಅಂದರು. ಪಿನಿಯನ್ ಹಲ್ಲು ಚೆನ್ನಾಗಿದ್ದವು, ಅದೇ ಉಳಿತಾಯ. ಗೇರ್ ಆಯಿಲನ್ನು ಕೆಳಗಿನ ತೂತಿನಿಂದ ಒತ್ತಿ, ಮೇಲಿನ ತೂತಿನಿಂದ ಬರುವವರೆಗೆ ತುಂಬಿ, ಮೇಲಿನ ಸ್ಕ್ರೂ ಮೊದಲು ಹಾಕಿ ಆಮೇಲೆ ಕೆಳಗಿನದು ಹಾಕಬೇಕಂತೆ. ನಾನು ಇಷ್ಟು ದಿನ ಮೇಲಿನಿಂದ ಸುರಿಯೋದು ಅಂದುಕೊಂಡಿದ್ದೆ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ.

ಹೊಸ ಪೆಟ್ರೋಲ್, ಮೊದಲ ಟ್ಯಾಂಕಿಗೆ ಲೀಟರಿಗೆ 40 ಮಿಲಿ ಆಯಿಲ್. ಆಮೇಲೆ 20ಕ್ಕೆ ಇಳಿಸುತ್ತೇನೆ. ಹಿತ್ತಲಿನಲ್ಲಿ 200 ಲೀಟರ್ ಡ್ರಮ್ಮಿಗೆ ಇಳಿಸಿ ಹಗ್ಗ ಎಳೆದೆ. ಆರನೇ ಎಳೆತಕ್ಕೆ ಚಾಲೂ. ಹೊಗೆಗೆ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಹಿಂದಿನ ಸಣ್ಣ ತೂತಿನಿಂದ ನೀರಿನ ಧಾರೆ ಬರುವವರೆಗೆ ಉಸಿರು ಹಿಡಿದಿದ್ದೆ. ಬಂತು. ಕೈ ಹಿಡಿದು ನೋಡಿದೆ, ಉಗುರು ಬೆಚ್ಚಗೆ.

ನಿನ್ನೆ ಬೆಳಿಗ್ಗೆ ನೀರಿಗೆ ಇಳಿಸಿದೆವು. ಅಪ್ಪ ಬರಲ್ಲ ಅಂದವರು ದೋಣಿ ಬಿಡುವ ಹೊತ್ತಿಗೆ ಬಂದು ಮುಂದೆ ಕೂತರು. ಕೈಯಲ್ಲಿ ಹರಿಗೋಲಿನ ಹುಟ್ಟು. "ಅದು ಯಾಕಪ್ಪಾ?" ಅಂದೆ. "ಇರಲಿ" ಅಂದರು. ಹರಿಗೋಲಿನಲ್ಲಿ ಮುಕ್ಕಾಲು ತಾಸು ಆಗುತ್ತಿದ್ದ ಬಲೆಗೆ ಹತ್ತು ನಿಮಿಷದಲ್ಲಿ ಮುಟ್ಟಿದೆವು. ಕಾಟ್ಲಾ ಮೂರು, ರೋಹು ಐದು. ವಾಪಸ್ ಬರುವಾಗ ಅಪ್ಪ ಒಂದು ಕಡೆ ಕೈ ತೋರಿಸಿ "ಇಲ್ಲಿ ನಮ್ಮ ಬಾವಿ ಇತ್ತು, ಕಟ್ಟೆ ಇನ್ನೂ ಇರಬೇಕು, ಬಗಲಾಗ ಹೊಡಿ" ಅಂದರು. ಪಂಖ ಆ ಕಟ್ಟೆಗೆ ತಾಗಿದ್ದರೆ ಮತ್ತೆ ಈ ಪೋಸ್ಟೇ ಹಾಕಬೇಕಿತ್ತು.

ಒಂದೇ ತೊಂದರೆ ಉಳಿದಿದೆ. ಥ್ರಾಟಲ್ ಪೂರ್ತಿ ಇಳಿಸಿದರೆ ಎಂಜಿನ್ ಎರಡು ನಿಮಿಷಕ್ಕೆ ಬಂದ್ ಆಗುತ್ತದೆ. ಕಾರ್ಬುರೇಟರ್ ತೊಳೆದಿದ್ದೇನೆ.

ಕಾಳಿ ಅಳಿವೆಯವರೇ, ನಿಮ್ಮ ವಿಳಾಸ ಮೆಸೇಜ್ ಮಾಡಿ, ಅಮೀನಗಡದ ಕರದಂಟು ಕಳಿಸುತ್ತೇನೆ.


ಕಾಳಿ_ಅಳಿವೆ
ಜುಲೈ 21, ರಾತ್ರಿ 9:05

ಕರದಂಟು ಎರಡು ಕೇಜಿ, ಬೆಟ್ ಗೆದ್ದದ್ದು ಬೇರೆ ಲೆಕ್ಕ.

ಕಾರ್ಬುರೇಟರಿನ ಸಣ್ಣ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪು) ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ್ರಾ? ಹೊರಗಿನಿಂದ ತೊಳೆದರೆ ಅದು ತೆರೆಯುವುದಿಲ್ಲ. ತಂತಿ ಹಾಕಬೇಡಿ, ತೂತು ದೊಡ್ಡದಾಗುತ್ತದೆ. ಗಾಳಿ ಊದಿ. ನಿಮ್ಮ ಸೈಕಲ್ ಪಂಪ್ ಇದೆಯಲ್ಲ.